ಗಾಳಿ ದೋಣಿಗೂ ನಂಬರ್ ಬೇಕು: ಕ್ಯಾಲಿಫೋರ್ನಿಯಾದಲ್ಲಿ ಮೀನು ಹಿಡಿಯುವವರಿಗೆ ಒಂದು ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಫೋನ್ ಮಾಡಿದ. ತೀರ್ಥಹಳ್ಳಿ ಕಡೆಯವನು, ತುಂಗೆಯಲ್ಲಿ ಗಾಳ ಹಾಕಿಕೊಂಡೇ ಬೆಳೆದವನು. ಈಗ ಸ್ಯಾನ್ ಹೋಸೆಯಲ್ಲಿ ಕೆಲಸ.

"ಅಣ್ಣಾ, ಒಂದು ಗಾಳಿ ದೋಣಿ ತಗೊಂಡೆ. ಹುಟ್ಟು ಹಾಕಿ ಹಾಕಿ ಭುಜ ಬಿದ್ದುಹೋಯ್ತು ಅಂತ ಸಣ್ಣದೊಂದು ಬ್ಯಾಟರಿ ಮೋಟಾರೂ ತಗೊಂಡೆ. ಈಗ ನೋಡಿದ್ರೆ ನಂಬರ್ ಹಾಕಿಸ್ಬೇಕು ಅಂತಾರೆ. ಮಡಚಿ ಡಿಕ್ಕಿಗೆ ಹಾಕೋ ಸಾಮಾನಿಗೆ ಎಂಥ ನಂಬರ್ ಮಾರಾಯ್ರೆ?"

ನನಗೆ ನಗು ಬಂತು. ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಊರಲ್ಲಿ ನಮ್ಮ ಹೊಳೆಯ ತೆಪ್ಪಕ್ಕೆ ಯಾರೂ ನಂಬರ್ ಬರೆದದ್ದನ್ನು ನಾನು ನೋಡಿಲ್ಲ. ಮಲ್ಪೆ ಬಂದರಿನ ದೊಡ್ಡ ಬೋಟುಗಳ ಮೂತಿಯ ಮೇಲೆ ಉದ್ದನೆಯ ನಂಬರ್ ಇರುತ್ತದೆ, ಸರಿ. ಆದರೆ ಪಂಪಿನಿಂದ ಗಾಳಿ ತುಂಬಿ ಇಳಿಸುವ ರಬ್ಬರ್ ದೋಣಿಗೂ ಅದೇ ಮರ್ಯಾದೆ ಅಂದರೆ ನಂಬುವುದು ಕಷ್ಟ, ಅಲ್ವಾ?

ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕಾಗದದ ಕೆಲಸ ಜನ ಹೆದರುವಷ್ಟು ಕಷ್ಟವಿಲ್ಲ. ಗಾಳಿ ದೋಣಿಯಲ್ಲಿ ನಿಜವಾದ ಕಷ್ಟ ಇರುವುದು ಆ ನಂಬರನ್ನು ಅಂಟಿಸುವುದರಲ್ಲಿ, ಅಂಟಿಸಿದ ಮೇಲೆ ಉಳಿಸಿಕೊಳ್ಳುವುದರಲ್ಲಿ.

ಮೊದಲ ಪ್ರಶ್ನೆ: ಮೋಟಾರ್ ಇದೆಯಾ?

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಸುಲಭ. ಬರೀ ಹುಟ್ಟಿನಿಂದ ಸಾಗುವ ದೋಣಿಗೆ ನೋಂದಣಿ ಬೇಡ. 8 ಅಡಿ ಅಥವಾ ಅದಕ್ಕಿಂತ ಚಿಕ್ಕದಾದ, ಮೋಟಾರ್ ಇಲ್ಲದ ಹಾಯಿ ದೋಣಿಗೂ ಬೇಡ. ಮೋಟಾರ್ ಇದ್ದರೆ ಮಾತ್ರ ದೋಣಿ ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕೇ ಬೇಕು. "ಪೆಟ್ರೋಲ್ ಅಲ್ಲ, ಬ್ಯಾಟರಿದು" ಅಂದರೆ ನಡೆಯುವುದಿಲ್ಲ. 12 ವೋಲ್ಟಿನ ಟ್ರೋಲಿಂಗ್ ಮೋಟಾರ್ ಕೂಡ ಮೋಟಾರೇ.

ಇನ್ನೊಂದು ವಿಷಯ. ಅಮೆರಿಕದ ಕೇಂದ್ರ ನಿಯಮದಲ್ಲಿ ಇರುವ ಮಾತು ದೋಣಿಗೆ ಮೋಟಾರ್ ಜೋಡಿಸಿದೆಯೇ ಎಂಬುದು, ಅದು ಓಡುತ್ತಿದೆಯೇ ಎಂಬುದಲ್ಲ. ಹಾಗಾಗಿ "ಮೋಟಾರ್ ಹಾಕಿದ್ದೇನೆ, ಆದರೆ ಇವತ್ತು ಹುಟ್ಟಿನಲ್ಲೇ ಹೋಗ್ತಾ ಇದ್ದೇನೆ" ಅನ್ನುವ ವಾದ ಹೂಡಬೇಡಿ. ನೋಂದಣಿ ಆಗುವವರೆಗೆ ಮೀನು ಹಿಡಿಯಬೇಕು ಅಂತ ಕೈ ತುರಿಸಿದರೆ ಮೋಟಾರನ್ನು ಮನೆಯಲ್ಲೇ ಬಿಟ್ಟು ಹೋಗಿ.

ಈ ನಂಬರಿನ ಪದ್ಧತಿ ಈಗಿರುವ ರೂಪಕ್ಕೆ ಬಂದದ್ದು 1958ರ ಕೇಂದ್ರ ಕಾಯಿದೆಯಿಂದ. ನಂಬರಿನ ಮಾದರಿ ದೇಶಕ್ಕೆಲ್ಲ ಒಂದೇ, ಕೊಡುವುದು ಆಯಾ ರಾಜ್ಯ. ಹಾಗಾಗಿ ಅಕ್ಷರದ ಅಳತೆ, ಜಾಗ ಇವೆಲ್ಲ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಯಾವ ದೋಣಿಗೆ ಬೇಕು, ಯಾವುದಕ್ಕೆ ಬೇಡ ಎಂಬುದು ಮಾತ್ರ ಬದಲಾಗುತ್ತದೆ. ಟೆಕ್ಸಾಸಿನಲ್ಲೂ ಟ್ರೋಲಿಂಗ್ ಮೋಟಾರಿಗೆ ರಿಯಾಯಿತಿ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 16 ಅಡಿಗಿಂತ ಚಿಕ್ಕ ದೋಣಿಗೆ 10 ಅಶ್ವಶಕ್ತಿ ಅಥವಾ ಅದಕ್ಕಿಂತ ಕಡಿಮೆ ಮೋಟಾರ್ ಇದ್ದು, ಕೇಂದ್ರದ ವ್ಯಾಪ್ತಿಗೆ ಬಾರದ ನೀರಿನಲ್ಲಷ್ಟೇ ಓಡಿಸಿದರೆ ವಿನಾಯಿತಿ ಇದೆ. ಮಿನ್ನೆಸೋಟದಲ್ಲಿ ಉಲ್ಟಾ, 10 ಅಡಿಗಿಂತ ಉದ್ದ ಇದ್ದರೆ ಮೋಟಾರ್ ಇಲ್ಲದ ದೋಣಿಗೂ ನೋಂದಣಿ ಕೇಳುತ್ತಾರೆ. ನಾನು ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ಮುಂದೆ ಬರೆದಿರುವುದು ಇಲ್ಲಿಯ ಕ್ರಮ.

ದೋಣಿ ಮಡಚುವ ಮುಂಚೆ ಅದರ ಕಾರ್ಖಾನೆ ನಂಬರ್ ಹುಡುಕಿ

ಪ್ರತಿ ದೋಣಿಗೂ ಕಾರ್ಖಾನೆಯಲ್ಲೇ ಕೊಟ್ಟ 12 ಅಕ್ಷರಗಳ ಗುರುತು ಇರುತ್ತದೆ. ಹಲ್ ಐಡೆಂಟಿಫಿಕೇಷನ್ ನಂಬರ್, ಚಿಕ್ಕದಾಗಿ ಎಚ್‌ಐಎನ್. ಕಾರಿನ ಚಾಸಿ ನಂಬರ್ ಇದ್ದ ಹಾಗೆ. 1972ರ ನವೆಂಬರಿನಿಂದ ಇದು ಕಡ್ಡಾಯ. ಮೊದಲ ಮೂರು ಅಕ್ಷರ ತಯಾರಕರದ್ದು, ಆಮೇಲಿನ ಐದು ಆ ದೋಣಿಯದ್ದು, ಕೊನೆಯ ನಾಲ್ಕು ಅಕ್ಷರ ತಿಂಗಳು ಮತ್ತು ವರ್ಷದ್ದು. ತಿಂಗಳನ್ನು ಅಕ್ಷರದಲ್ಲಿ ಬರೆದಿರುತ್ತಾರೆ: ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಕಟ್ಟಕಡೆಯ ಎರಡು ಅಂಕಿ ಮಾಡೆಲ್ ವರ್ಷ. ಹಳೆ ದೋಣಿಯನ್ನು "ಹೋದ ವರ್ಷದ್ದು ಸರ್" ಅಂತ ಮಾರಲು ಬಂದವರನ್ನು ಇದರಿಂದಲೇ ಹಿಡಿಯಬಹುದು.

ಸಾಮಾನ್ಯ ದೋಣಿಯಲ್ಲಿ ಇದು ಹಿಂಬದಿ ಹಲಗೆಯ ಬಲಮೂಲೆಯಲ್ಲಿ ಇರುತ್ತದೆ. ಗಾಳಿ ದೋಣಿಯಲ್ಲೂ ಹುಡುಕಬೇಕಾದದ್ದು ಹಿಂಭಾಗದ ಬಲಗಡೆಯೇ. ಹಿಂಬದಿ ಹಲಗೆ ಇದ್ದರೆ ಅದರ ಮೇಲೆ ಚಿಕ್ಕ ಪಟ್ಟಿ ಅಂಟಿಸಿರುತ್ತಾರೆ. ಹಲಗೆ ಇಲ್ಲದ ಅಗ್ಗದ ದೋಣಿಗಳಲ್ಲಿ ಪ್ಲಾಸ್ಟಿಕ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಗಾಳಿ ತುಂಬದೆ ಹುಡುಕಿದರೆ ಮಡಿಕೆಯೊಳಗೆ ಸಿಗುವುದೇ ಇಲ್ಲ. ಹಾಲಿನಲ್ಲಿ ಸೋಫಾ ಸರಿಸಿ, ಪೂರ್ತಿ ಗಾಳಿ ತುಂಬಿ, ನಂಬರ್ ಹುಡುಕಿ, ಫೋನಿನಲ್ಲಿ ಎರಡು ಫೋಟೋ ತೆಗೆದುಕೊಳ್ಳಿ. ಸೊನ್ನೆಯೋ ಓ ಅಕ್ಷರವೋ ಅನ್ನುವ ಅನುಮಾನ ಬಂದೇ ಬರುತ್ತದೆ, ಓರೆ ಬೆಳಕಿನಲ್ಲಿ ತೆಗೆದ ಫೋಟೋ ಆಗ ಸಹಾಯಕ್ಕೆ ಬರುತ್ತದೆ.

ಇನ್ನೂ ದೋಣಿ ಕೊಂಡಿಲ್ಲವೇ? ಹಾಗಿದ್ದರೆ ಈಜುಕೊಳದ ಆಟಿಕೆಯನ್ನು ದೋಣಿ ಅಂದುಕೊಂಡು ತರಬೇಡಿ. ಎಚ್‌ಐಎನ್ ಇದೆಯಾ, ಮೋಟಾರ್ ಹಾಕಬಹುದು ಅಂತ ತಯಾರಕರೇ ಹೇಳಿದ್ದಾರಾ, ಎಷ್ಟು ದೊಡ್ಡ ಮೋಟಾರ್ ಅಂತ ಬರೆದಿದ್ದಾರಾ, ಇದಿಷ್ಟು ನೋಡಿ. ಎಚ್‌ಐಎನ್ ಇಲ್ಲದ ದೋಣಿಯನ್ನೂ ನೋಂದಾಯಿಸಲು ದಾರಿ ಇದೆ, ಆದರೆ ಅದು ಓಡಾಟದ ದಾರಿ.

ಡಿಎಂವಿಗೆ ಏನೇನು ಒಯ್ಯಬೇಕು

ಕ್ಯಾಲಿಫೋರ್ನಿಯಾದಲ್ಲಿ ದೋಣಿಗೂ ಕಾರಿಗೂ ಒಂದೇ ಇಲಾಖೆ, ಡಿಎಂವಿ. ತುಂಬಬೇಕಾದ ಫಾರ್ಮಿನ ಹೆಸರು ಬೋಟ್ 101. ಅದರ ಜೊತೆ ದೋಣಿ ನಿಮ್ಮದು ಅನ್ನುವುದಕ್ಕೆ ಆಧಾರ ಬೇಕು. ಹೊಸ ದೋಣಿಯಾದರೆ ಅಂಗಡಿ ರಸೀದಿ. ತಯಾರಕರು ಕೊಡುವ ಮೂಲ ಪ್ರಮಾಣಪತ್ರ ಇದ್ದರೆ ಇನ್ನೂ ಒಳ್ಳೆಯದು. ಕೆಲವು ಕಂಪನಿಗಳು ಕೇಳಿದರೆ ಮಾತ್ರ ಕಳಿಸುತ್ತವೆ, ಹಾಗಾಗಿ ದೋಣಿ ಬಂದ ದಿನವೇ ಒಂದು ಇಮೇಲ್ ಹಾಕಿಬಿಡಿ. ರಸೀದಿಯಲ್ಲಿ ತೆರಿಗೆ ಕಟ್ಟಿದ್ದು ಕಾಣಬೇಕು. ಇಲ್ಲದಿದ್ದರೆ ಆ ತೆರಿಗೆಯನ್ನು ಡಿಎಂವಿ ಕೌಂಟರಿನಲ್ಲೇ ವಸೂಲಿ ಮಾಡುತ್ತಾರೆ.

ಫಾರ್ಮಿನಲ್ಲಿ ದೋಣಿಯ ಬಗೆ, ಮೈ ಯಾವುದರಿಂದ ಮಾಡಿದ್ದು, ಯಾವುದರಿಂದ ಓಡುತ್ತದೆ ಅಂತ ಕೇಳುತ್ತಾರೆ. ಕೇಂದ್ರದ ಪಟ್ಟಿಯಲ್ಲಿ ನಮ್ಮದಕ್ಕೆ ಬೇರೆಯೇ ಬಗೆ ಇದೆ, ಇನ್‌ಫ್ಲೇಟಬಲ್ ಬೋಟ್ ಅಂತ. ಮೈಗೆ 'ರಬ್ಬರ್, ವಿನೈಲ್, ಕ್ಯಾನ್ವಾಸ್' ಎಂಬ ಸಾಲು. ಹಿಂದೆ ತೂಗುಹಾಕುವ ಮೋಟಾರಿಗೆ ಔಟ್‌ಬೋರ್ಡ್, ಇಂಧನಕ್ಕೆ ಎಲೆಕ್ಟ್ರಿಕ್. ಉದ್ದವನ್ನು ಗಾಳಿ ತುಂಬಿದ ಮೇಲೆ ಮೂತಿಯಿಂದ ಹಿಂಬದಿಯವರೆಗೆ ಟೇಪ್ ಹಿಡಿದು ಅಳೆಯಿರಿ.

ಶುಲ್ಕ ಎಷ್ಟು ಅಂತ ನಾನಿಲ್ಲಿ ಬರೆಯುವುದಿಲ್ಲ, ಅದು ಬದಲಾಗುತ್ತಿರುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಇಲ್ಲಿ ದೋಣಿ ನೋಂದಣಿ ಎರಡು ವರ್ಷದ್ದು. ನೀವು ಯಾವಾಗ ಮಾಡಿಸಿದರೂ ಎಲ್ಲರದ್ದೂ ಮುಗಿಯುವುದು ಬೆಸ ವರ್ಷದ ಡಿಸೆಂಬರ್ 31ಕ್ಕೆ. ಬೆಸ ವರ್ಷದ ಕೊನೆಯಲ್ಲಿ ಹೋದವರು ಕೈಗೆ ಬರುವ ಸ್ಟಿಕ್ಕರ್ ಯಾವ ವರ್ಷದ್ದು ಅಂತ ಕೌಂಟರಿನಲ್ಲೇ ಕೇಳಿಕೊಳ್ಳಿ. ಸಿಹಿನೀರಿನಲ್ಲಿ ಓಡಿಸುವವರು ಮಸಲ್ ಶುಲ್ಕ ಅಂತ ಇನ್ನೊಂದು ಕಟ್ಟಬೇಕು, ಅದಕ್ಕೆ ಬೇರೆ ಸ್ಟಿಕ್ಕರ್ ಕೊಡುತ್ತಾರೆ. ಅದು ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಇಷ್ಟಾದ ಮೇಲೆ ನಿಮಗೆ ಸಿಗುವುದು ಒಂದು ಚಿಕ್ಕ ಪ್ರಮಾಣಪತ್ರ, ಅದರಲ್ಲಿ ನಿಮ್ಮ ದೋಣಿಯ ನಂಬರ್, ಮತ್ತೆ ಒಂದು ಜೋಡಿ ಸ್ಟಿಕ್ಕರ್. ಪ್ರಮಾಣಪತ್ರ ದೋಣಿಯಲ್ಲೇ ಇರಬೇಕು, ಮನೆಯ ಬೀರುವಿನಲ್ಲಿ ಅಲ್ಲ. ನೀರು ಹೋಗದ ಚೀಲಕ್ಕೆ ಹಾಕಿ ಒಂದು ಕೊಂಡಿಗೆ ಕಟ್ಟಿಬಿಡಿ. ಸ್ಟಿಕ್ಕರ್ ಸಿಗುತ್ತದೆ, ಅಂಟಿಸುವ ಅಕ್ಷರ ಸಿಗುವುದಿಲ್ಲ. ಅದನ್ನು ನಾವೇ ಕೊಳ್ಳಬೇಕು.

ಇಲ್ಲಿ ನನ್ನ ದಡ್ಡತನವೊಂದನ್ನು ಹೇಳಿಬಿಡುತ್ತೇನೆ. ಪತ್ರ ಬರುವ ಮುಂಚೆಯೇ ಉತ್ಸಾಹದಲ್ಲಿ ಅಕ್ಷರಗಳನ್ನು ತಂದಿದ್ದೆ. ಕ್ಯಾಲಿಫೋರ್ನಿಯಾ ಅಂದ ಮೇಲೆ 'ಸಿಎ' ತಾನೇ? ಅಲ್ಲ. ಇಲ್ಲಿಯ ದೋಣಿ ನಂಬರ್ ಶುರುವಾಗುವುದು 'ಸಿಎಫ್' ಅಂತ. ಅಂಚೆ ವಿಳಾಸದ ಎರಡಕ್ಷರಕ್ಕೂ ದೋಣಿಯ ಎರಡಕ್ಷರಕ್ಕೂ ಎಲ್ಲ ಕಡೆ ಹೊಂದಾಣಿಕೆ ಇಲ್ಲ. ವಾಷಿಂಗ್ಟನ್ನಿನದು ಡಬ್ಲ್ಯೂಎನ್, ಮಿಷಿಗನ್ನಿನದು ಎಂಸಿ. ಎಂಐ ಅಂತ ಕಂಡರೆ ಅದು ಮಿಸಿಸಿಪ್ಪಿ ದೋಣಿ. ಆ ಎರಡು 'ಎ'ಗಳು ಇನ್ನೂ ನನ್ನ ಟೂಲ್ ಬಾಕ್ಸಿನಲ್ಲಿ ಬಿದ್ದಿವೆ.

ಅಕ್ಷರ ಹೇಗಿರಬೇಕು, ಎಲ್ಲಿರಬೇಕು

ನಂಬರ್ 'ಸಿಎಫ್ 1234 ಎಬಿ' ಎಂಬಂತೆ ಇರುತ್ತದೆ, ದೋಣಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ. ನನ್ನ ಮಗಳು ಆಗಷ್ಟೇ ವಾರಾಂತ್ಯದ ಕನ್ನಡ ಕ್ಲಾಸಿಗೆ ಸೇರಿದ್ದಳು. "ಅಪ್ಪಾ, ೧೨೩೪ ಅಂತ ನಾನು ಬರೆದುಕೊಡಲಾ?" ಅಂದಳು. ಆಸೆಯಾಗಿದ್ದು ನಿಜ. ಸರೋವರದ ಮಧ್ಯೆ ಕನ್ನಡ ಅಂಕಿ ಹೊತ್ತ ಒಂದೇ ಒಂದು ದೋಣಿ! ಆದರೆ ನಿಯಮದ ಪ್ರಕಾರ ಬೇಕಾದದ್ದು ಸರಳವಾಗಿ, ನೇರವಾಗಿ ನಿಂತ ದಪ್ಪ ಅಕ್ಷರ. ಓರೆ ಅಕ್ಷರ, ಬಳ್ಳಿ ಅಕ್ಷರ ಯಾವುದೂ ಆಗುವುದಿಲ್ಲ. ಎತ್ತರ 3 ಇಂಚಿಗೆ ಕಡಿಮೆ ಇರಬಾರದು. ಮೂರಕ್ಕೆ ಸರಿಯಾಗಿ ಮಾಡಲು ಹೋಗಿ ಎರಡೂ ಮುಕ್ಕಾಲು ಆಗುವುದಕ್ಕಿಂತ ಮೂರೂಕಾಲು ಮಾಡಿ.

ಬಣ್ಣ ಹಿನ್ನೆಲೆಯಿಂದ ಎದ್ದು ಕಾಣಬೇಕು. ಕಡು ಹಸಿರು ದೋಣಿಯ ಮೇಲೆ ಕಪ್ಪು ಅಕ್ಷರ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ನೀರಿನ ಮೇಲೆ ಐವತ್ತು ಅಡಿ ದೂರದಿಂದ ಏನೂ ಕಾಣುವುದಿಲ್ಲ. ಬಿಳಿ ಹಾಕಿ. ಬೂದು ಬಣ್ಣದ ದೋಣಿಗೆ ಕಪ್ಪೇ ಸರಿ.

ಎರಡು ಅಕ್ಷರದ ಗುಂಪಿಗೂ ನಡುವಿನ ಅಂಕಿಗಳಿಗೂ ಮಧ್ಯೆ ಒಂದು ಅಕ್ಷರದಷ್ಟು ಜಾಗ ಬಿಡಬೇಕು, ಇಲ್ಲವೇ ಅಷ್ಟೇ ಅಗಲದ ಅಡ್ಡಗೆರೆ ಹಾಕಬೇಕು. ಅಳತೆಗೆ ಇಂಗ್ಲಿಷಿನ 'ಐ' ಅಕ್ಷರವನ್ನೋ 1 ಅಂಕಿಯನ್ನೋ ಹಿಡಿಯಬಾರದು ಅಂತಲೂ ನಿಯಮದಲ್ಲೇ ಇದೆ, ಅವು ತೆಳ್ಳಗಿರುತ್ತವಲ್ಲ. ಬರೆದವರು ಕಿಲಾಡಿಗಳನ್ನು ಬಹಳ ನೋಡಿದವರೇ ಇರಬೇಕು.

ಜಾಗ: ದೋಣಿಯ ಮುಂದಿನ ಅರ್ಧದಲ್ಲಿ, ಎರಡೂ ಪಕ್ಕದಲ್ಲಿ. ಆ ಮುಂದಿನ ಅರ್ಧದಲ್ಲಿ ಬೇರೆ ಯಾವ ನಂಬರೂ ಇರಕೂಡದು. ನಿಮ್ಮ ಫೋನ್ ನಂಬರ್, ಹಳೆ ರಾಜ್ಯದ ನಂಬರ್ ಯಾವುದೂ ಬೇಡ. ದೋಣಿಗೆ 'ತುಂಗೆ' ಅಂತ ಹೆಸರಿಟ್ಟು ಬರೆಯುವ ಆಸೆ ಇದ್ದರೆ ಹಿಂದಿನ ಅರ್ಧದಲ್ಲಿ ಬರೆದುಕೊಳ್ಳಿ.

ಈಗ ಹೆಚ್ಚಿನವರು ಎಡವುವ ಜಾಗ. ನಂಬರನ್ನು ಎರಡೂ ಪಕ್ಕದಲ್ಲಿ ಎಡದಿಂದ ಬಲಕ್ಕೆ ಓದುವಂತಿರಬೇಕು. ವರ್ಷದ ಸ್ಟಿಕ್ಕರನ್ನು ನಂಬರಿನ ಸಾಲಿನಲ್ಲೇ, ಅದರಿಂದ 3 ಇಂಚು ಹಿಂಬದಿಯ ಕಡೆಗೆ ಅಂಟಿಸಬೇಕು. ದೋಣಿಯ ಎಡಪಕ್ಕವನ್ನು ಹೊರಗಿನಿಂದ ನೋಡಿದರೆ ಮೂತಿ ನಿಮ್ಮ ಎಡಕ್ಕೆ ಇರುತ್ತದೆ. ಅಲ್ಲಿ ನಂಬರ್ ಮುಗಿದ ಮೇಲೆ ಸ್ಟಿಕ್ಕರ್ ಬರುತ್ತದೆ. ಬಲಪಕ್ಕದಲ್ಲಿ ಮೂತಿ ನಿಮ್ಮ ಬಲಕ್ಕೆ ಇರುತ್ತದೆ. ಅಲ್ಲಿ ಸ್ಟಿಕ್ಕರ್ ಮೊದಲು, ಆಮೇಲೆ 'ಸಿಎಫ್'. ಅಂದರೆ ಎರಡು ಪಕ್ಕ ಒಂದೇ ತರ ಕಾಣುವುದಿಲ್ಲ. ಕಾಣಲೂಬಾರದು. ಅಂಟಿಸುವ ಮುಂಚೆ ಪೇಂಟರ್ ಟೇಪಿನ ಮೇಲೆ ಪೆನ್ಸಿಲಿನಿಂದ ಬರೆದು ಎರಡೂ ಕಡೆ ಇಟ್ಟು ನೋಡಿ.

ಜಾಗ ಸಾಲುತ್ತದಾ ಅಂತ ಲೆಕ್ಕ ಹಾಕೋಣ. ಎಂಟು ಅಕ್ಷರ, ಎರಡು ಖಾಲಿ ಜಾಗ. 3 ಇಂಚಿನ ಅಕ್ಷರಕ್ಕೆ ಅಗಲ, ಸಂದು ಎಲ್ಲ ಸೇರಿ ಸುಮಾರು 2 ಇಂಚು ಅಂದರೆ 20 ಇಂಚು. ಮೇಲೆ 3 ಇಂಚು ಬಿಡುವು, 3 ಇಂಚು ಸ್ಟಿಕ್ಕರ್. ಒಟ್ಟು 26 ಇಂಚು. ಮಸಲ್ ಸ್ಟಿಕ್ಕರಿಗೂ ಪಕ್ಕದಲ್ಲಿ ಸ್ವಲ್ಪ ಜಾಗ ಬೇಕು. 8 ಅಡಿ ದೋಣಿಯ ಮುಂದಿನ ಅರ್ಧ 48 ಇಂಚು. ಆದರೆ ಮೂತಿ ಬಾಗುವ ಕಡೆ ಅಂಟಿಸಿದರೆ ಪಕ್ಕದಿಂದ ಕಾಣುವುದಿಲ್ಲ, ಉಳಿಯುವುದು ಮೂವತ್ತು ಇಂಚಿನ ಆಸುಪಾಸು. ಸಾಲುತ್ತದೆ, ಆದರೆ ಧಾರಾಳವಾಗಿ ಅಲ್ಲ.

ಅಂಟಿಸುವ ಕೆಲಸ

ಫೈಬರ್ ದೋಣಿ ಇದ್ದವರು ಇಲ್ಲಿಗೆ ಓದುವುದನ್ನು ನಿಲ್ಲಿಸಬಹುದು. ಅವರಿಗೆ ಅಕ್ಷರ ಅಂಟಿಸುವುದು ಹತ್ತು ನಿಮಿಷದ ಕೆಲಸ. ನಮ್ಮದು ಹಾಗಲ್ಲ. ಗಾಳಿ ದೋಣಿಯ ಮೈ ಉಬ್ಬುತ್ತದೆ, ಕುಗ್ಗುತ್ತದೆ, ಮಡಚಿಕೊಳ್ಳುತ್ತದೆ. ಮೇಲಾಗಿ ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ಅಂಶ ನಿಧಾನವಾಗಿ ಹೊರಗೆ ಬರುತ್ತಾ ಇರುತ್ತದೆ, ಅದು ಸಾಮಾನ್ಯ ಸ್ಟಿಕ್ಕರಿನ ಗೋಂದನ್ನು ಸಡಿಲ ಮಾಡುತ್ತದೆ.

ನನಗೆ ಇದು ಗೊತ್ತಾದದ್ದು ಪಾಠ ಕಲಿತ ಮೇಲೆ. ಮೊದಲ ವರ್ಷ ಹಾರ್ಡ್‌ವೇರ್ ಅಂಗಡಿಯ ಟಪಾಲು ಡಬ್ಬಿ ಅಕ್ಷರಗಳನ್ನೇ ಅಂಟಿಸಿದ್ದೆ. ಜುಲೈ ಬಿಸಿಲಿನಲ್ಲಿ ಮೂರು ದಿನ ಡಿಕ್ಕಿಯಲ್ಲಿ ಮಡಚಿ ಇಟ್ಟಿದ್ದ ದೋಣಿಯನ್ನು ಒಂದು ಜಲಾಶಯದ ದಡದಲ್ಲಿ ಬಿಚ್ಚಿದರೆ ಬಲಗಡೆ 'ಸಿ' ಇತ್ತು, 'ಎಫ್' ತಲೆಕೆಳಗಾಗಿ ನೆಲದ ಮೇಲೆ ಅಂಟಿಕೊಂಡಿತ್ತು, ಒಂದು ಅಂಕಿ ಕಾಣೆ. ರೇಂಜರ್ ಒಬ್ಬರು ಬಂದು ಸ್ವಲ್ಪ ಹೊತ್ತು ನೋಡಿದರು. "ಇದು ನಂಬರೋ, ಪದಬಂಧವೋ?" ಅಂದರು. ಒಳ್ಳೆಯ ಮನುಷ್ಯ, ಎಚ್ಚರಿಕೆ ಹೇಳಿ ಬಿಟ್ಟರು. ಅವತ್ತು ದೋಣಿ ಇಳಿಸಲಿಲ್ಲ. ದಡದಲ್ಲಿ ಕೂತು ಗಾಳ ಹಾಕಿದೆ, ಒಂದು ಬೆಕ್ಕುಮೀನು ಸಿಕ್ಕಿತು.

ಆಮೇಲೆ ಮೂರು ಉಪಾಯ ಮಾಡಿ ನೋಡಿದ್ದೇನೆ.

ಮೊದಲನೆಯದು, ಗಾಳಿ ದೋಣಿಗೆಂದೇ ಮಾಡಿದ ಅಕ್ಷರ. ಬೆಲೆ ಜಾಸ್ತಿ, ಆದರೆ ಗೋಂದು ಬೇರೆ. ದೋಣಿಗೆ ಪೂರ್ತಿ ಗಾಳಿ ತುಂಬಿದ ಮೇಲೇ ಅಂಟಿಸಬೇಕು. ಅರ್ಧ ಗಾಳಿಯಲ್ಲಿ ಅಂಟಿಸಿದರೆ ತುಂಬಿದಾಗ ಎಳೆದುಕೊಂಡು ಅಂಚು ಬಿಡುತ್ತದೆ. ಮೊದಲು ಸೋಪು ನೀರು, ಒಣಗಿದ ಮೇಲೆ ರಬಿಂಗ್ ಆಲ್ಕೋಹಾಲ್ ಹಾಕಿ ಒರೆಸಿ. ಹೊಳಪು ಬರಲಿ ಅಂತ ಹಿಂದೆ ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಎರಡೆರಡು ಸಲ ಒರೆಸಬೇಕು, ಅದರ ಮೇಲೆ ಏನೂ ನಿಲ್ಲುವುದಿಲ್ಲ. ತೆಳು ವಿನೈಲಿಗೆ ಅಸಿಟೋನ್ ಮುಟ್ಟಿಸಬೇಡಿ, ಮೈಯೇ ಮೆತ್ತಗಾಗುತ್ತದೆ. ಅಂಟಿಸಿ ಒಂದು ದಿನವಾದರೂ ಹಾಗೇ ಬಿಡಿ. ಮಡಚುವಾಗ ಅಕ್ಷರದ ಮೇಲೆ ಮಡಿಕೆ ಬೀಳದ ಹಾಗೆ ನೋಡಿಕೊಳ್ಳಿ. ಸೀರೆ ಮಡಚುವವರು ಜರಿ ಅಂಚು ಮುರಿಯದ ಹಾಗೆ ನೋಡಿಕೊಳ್ಳುತ್ತಾರಲ್ಲ, ಹಾಗೆ.

ಎರಡನೆಯದು, ಅಚ್ಚು ಇಟ್ಟು ಬಣ್ಣ ಬಳಿಯುವುದು. ಮಾಮೂಲಿ ಸ್ಪ್ರೇ ಪೇಂಟ್ ಎರಡು ಸಲ ಮಡಚುವಷ್ಟರಲ್ಲಿ ಹುರಿದ ಹಪ್ಪಳದ ಹಾಗೆ ಬಿರುಕು ಬಿಡುತ್ತದೆ. ಗಾಳಿ ದೋಣಿಗೆಂದೇ ಸಿಗುವ, ಬಾಗುವ ಬಣ್ಣ ತನ್ನಿ. ಮೊದಲು ಕಾಣದ ಮೂಲೆಯಲ್ಲಿ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾದು ನೋಡಿ. ಚೆನ್ನಾಗಿ ಬಂದರೆ ವರ್ಷಗಟ್ಟಲೆ ಇರುತ್ತದೆ. ಕೈ ನಡುಗಿದರೆ ಅದೂ ವರ್ಷಗಟ್ಟಲೆ ಇರುತ್ತದೆ.

ಇದರಲ್ಲೇ ಒಂದು ಒಳದಾರಿ ಇದೆ. ದೋಣಿಯ ಮೈಗೆ ನೇರವಾಗಿ ಬರೆಯದೆ ಪಿವಿಸಿ ಬಟ್ಟೆಯ 30 ಇಂಚಿನ ಪಟ್ಟಿಯ ಮೇಲೆ ಬರೆದು, ಆ ಪಟ್ಟಿಯನ್ನು ವಿನೈಲ್ ಸಿಮೆಂಟಿನಿಂದ ದೋಣಿಗೆ ಅಂಟಿಸುವುದು. ಎಚ್‌ಎಚ್-66 ಅಂತ ಬರುವ ಡಬ್ಬಿ ಈ ಕೆಲಸಕ್ಕೆ ಹೆಸರುವಾಸಿ. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಜಿಗುಟು ತಾಗುವಷ್ಟು ಒಣಗಲು ಬಿಟ್ಟು, ಒತ್ತಬೇಕು. ವಾಸನೆ ಜೋರು, ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿಡಿ. ಇದು ಪಿವಿಸಿಗೆ ಮಾತ್ರ. ದುಬಾರಿ ದೋಣಿಗಳಲ್ಲಿ ಬಳಸುವ ಹೈಪಲಾನ್ ಜಾತಿಯ ರಬ್ಬರಿಗೆ ಬೇರೆಯೇ ಗೋಂದು ಬೇಕು.

ಮೂರನೆಯದು ನನಗೆ ಇಷ್ಟವಾದದ್ದು, ಹಲಗೆ. ದೋಣಿಯ ಆಕಾರದಿಂದ ನಂಬರ್ ಸುಲಭವಾಗಿ ಕಾಣುವುದಿಲ್ಲ ಅನ್ನುವಾಗ ಅದನ್ನು ಒಂದು ಹಲಗೆಯ ಮೇಲೆ ಬರೆದು ಮುಂದಿನ ಅರ್ಧಕ್ಕೆ ಕಟ್ಟಬೇಕು ಅಂತ ಕೇಂದ್ರ ನಿಯಮವೇ ಹೇಳುತ್ತದೆ. ಸಣ್ಣ ಗಾಳಿ ದೋಣಿಯ ಕೊಳವೆ ಉರುಟು. ಮೂರಿಂಚಿನ ಅಕ್ಷರದ ಅರ್ಧ ಆಕಾಶ ನೋಡುತ್ತದೆ, ಅರ್ಧ ನೀರು ನೋಡುತ್ತದೆ. ಹಲಗೆಯ ಮಾತು ಬರೆದದ್ದೇ ಇಂಥ ದೋಣಿಗಳಿಗೆ ಅಂತ ನನ್ನ ಅಭಿಪ್ರಾಯ. ಆದರೆ ಹಲಗೆ ಗಟ್ಟಿಯಾಗಿ ನಿಲ್ಲಬೇಕು. ಗಾಳಿಗೆ ಮಗುಚಿಕೊಂಡು ಬೆನ್ನು ತೋರಿಸುವ ಹಲಗೆ ಇದ್ದೂ ಇಲ್ಲದ ಹಾಗೆ.

ಮಾಡುವ ಕ್ರಮ ಹೀಗೆ. ಅಕ್ರಿಲಿಕ್ ಅಥವಾ ಪಿವಿಸಿ ಶೀಟಿನಿಂದ 30 ಇಂಚು ಉದ್ದ, 5 ಇಂಚು ಎತ್ತರದ ಎರಡು ತುಂಡು ಕತ್ತರಿಸಿ. ಅಡುಗೆಮನೆಯ ಬಿಳಿ ತರಕಾರಿ ಮಣೆ ಚೆನ್ನಾಗಿರುತ್ತದೆ ಅಂತ ಅನ್ನಿಸುತ್ತದೆ. ನಾನೂ ಹಾಗೇ ಮಾಡಿದ್ದೆ, ಮನೆಯವಳ ಬೈಗುಳ ಬೇರೆ. ಆದರೆ ಅದು ಪಾಲಿಎಥಿಲೀನ್, ಅದಕ್ಕೆ ಯಾವ ಸ್ಟಿಕ್ಕರೂ ಕಚ್ಚುವುದಿಲ್ಲ. ಮೂಲೆಗಳನ್ನು ಉರುಟಾಗಿ ಉಜ್ಜಿ, ಮರಳು ಕಾಗದ ಹಾಕಿ ನಯ ಮಾಡಿ. ಚೂಪು ಮೂಲೆ ದೋಣಿಯ ಹೊಟ್ಟೆಗೆ ತಾಗಿದರೆ ಮುಗಿಯಿತು ಕತೆ. ಹಿಂಬದಿಗೆ ಮೆತ್ತನೆಯ ಫೋಮ್ ಅಂಟಿಸಿ. ನಾಲ್ಕು ಮೂಲೆಗೂ ತೂತು. ಮೇಲಿನ ಎರಡು ತೂತನ್ನು ದೋಣಿಯ ಸುತ್ತ ಇರುವ ಹಿಡಿಹಗ್ಗಕ್ಕೆ ಬಿಗಿಯಾಗಿ ಕಟ್ಟಿ. ಕೆಳಗಿನ ಎರಡಕ್ಕೆ ಎಲಾಸ್ಟಿಕ್ ಹಗ್ಗ ಹಾಕಿ, ದೋಣಿಯ ಕೆಳಗಿನಿಂದ ಆ ಪಕ್ಕದ ಹಲಗೆಗೆ ಜೋಡಿಸಿ. ಆಗ ಎರಡೂ ಒಂದನ್ನೊಂದು ಎಳೆದು ಹಿಡಿದುಕೊಳ್ಳುತ್ತವೆ. ಹುಟ್ಟು ಹಾಕುವಾಗ ಕೈಗೆ ತಾಗುತ್ತದಾ ನೋಡಿಕೊಳ್ಳಿ, ಗಾಳದ ದಾರ ಸಿಕ್ಕಿಕೊಳ್ಳುವಂಥ ಗಂಟು ಬಿಡಬೇಡಿ. ಹಲಗೆಗಳ ಹಿಂದೆ 'ಎಡ', 'ಬಲ' ಅಂತ ಬರೆದಿಡಿ. ಇಲ್ಲಿ ಕನ್ನಡಕ್ಕೆ ಯಾರ ಅಡ್ಡಿಯೂ ಇಲ್ಲ.

ದೋಣಿ ಮಡಚುವಾಗ ಹಲಗೆ ಬಿಚ್ಚಿ ಬೇರೆ ಚೀಲಕ್ಕೆ. ಆ ಚೀಲವನ್ನು ಪಂಪಿನ ಜೊತೆಯಲ್ಲೇ ಇಡಿ. ಪಂಪ್ ಮರೆತು ಯಾರೂ ಕೆರೆಗೆ ಹೋಗುವುದಿಲ್ಲ.

ನೀರಿಗೆ ಇಳಿಸುವ ದಿನ

ನಂಬರ್ ಇದ್ದ ಮಾತ್ರಕ್ಕೆ ಗೇಟ್ ತೆರೆಯುತ್ತದೆ ಅಂದುಕೊಳ್ಳಬೇಡಿ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್ ದೋಣಿ ನಡೆಸುವ ಎಲ್ಲ ವಯಸ್ಸಿನವರ ಹತ್ತಿರವೂ ಬೋಟರ್ ಕಾರ್ಡ್ ಇರಬೇಕು. ಪರೀಕ್ಷೆ ಬರೆದು, 10 ಡಾಲರ್ ಕಟ್ಟಿದರೆ ಜೀವನಪೂರ್ತಿ ನಡೆಯುತ್ತದೆ. 16 ತುಂಬಿದವರಿಗೆ ಮೀನು ಹಿಡಿಯುವ ಲೈಸೆನ್ಸ್ ಬೇರೆ. ಒಬ್ಬೊಬ್ಬರಿಗೂ ಒಂದೊಂದು ಲೈಫ್ ಜಾಕೆಟ್ ಇರಬೇಕು. 13ರ ಒಳಗಿನ ಮಕ್ಕಳು, ದೋಣಿ ಚಲಿಸುತ್ತಿರುವಾಗ ಅದನ್ನು ಹಾಕಿಕೊಂಡೇ ಇರಬೇಕು. ನಾನು ದೊಡ್ಡವರಿಗೂ ಹಾಕಿಸಿಯೇ ಕೂರಿಸುತ್ತೇನೆ. ಇಲ್ಲಿಯ ಕೆರೆ ನೀರು ಏಪ್ರಿಲಿನಲ್ಲೂ ಮೈ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ.

ಇನ್ನು ಮಸಲ್. ಇದು ಒಂದು ಜಾತಿಯ ಚಿಪ್ಪುಹುಳು. ದೋಣಿಗೆ ಅಂಟಿಕೊಂಡೋ, ಉಳಿದ ನೀರಿನಲ್ಲೋ ಕೆರೆಯಿಂದ ಕೆರೆಗೆ ಹೋಗಿ ಕೊಳವೆಗಳನ್ನೆಲ್ಲ ಕಟ್ಟಿಹಾಕುತ್ತದೆ. 2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನ ಬಳಿ ಗೋಲ್ಡನ್ ಮಸಲ್ ಎಂಬ ಹೊಸ ಜಾತಿ ಸಿಕ್ಕಿತು, ಉತ್ತರ ಅಮೆರಿಕದಲ್ಲೇ ಮೊದಲ ಸಲ. ಅಲ್ಲಿಂದ ಬಿಗಿ ಜೋರಾಗಿದೆ. ಫಾಲ್ಸಮ್ ಸರೋವರದಲ್ಲಿ 2025ರ ಏಪ್ರಿಲಿನಿಂದ ದೋಣಿಗೆ ಸೀಲ್ ಹಾಕಿ 30 ದಿನ ಕಾಯಿಸುವ ಪದ್ಧತಿ ಬಂತು. ಕೆರೆಯಿಂದ ಕೆರೆಗೆ ನಿಯಮ ಬೇರೆ, ಆದ್ದರಿಂದ ಮನೆ ಬಿಡುವ ಮುಂಚೆ ಅಲ್ಲಿಗೆ ಫೋನ್ ಮಾಡಿ.

ಗಾಳಿ ದೋಣಿಗೆ ಇದರಲ್ಲಿ ಲಾಭವೂ ಇದೆ, ಮೋಸವೂ ಇದೆ. ಬೇಗ ಒಣಗುತ್ತದೆ, ಸರಿ. ಆದರೆ ನೆಲದ ಕೊಳವೆಗಳ ಸಂದಿನಲ್ಲಿ, ಹಿಂಬದಿ ಹಲಗೆಯ ಬುಡದಲ್ಲಿ ನೀರು ಕೂತಿರುತ್ತದೆ. ತಪಾಸಣೆ ಮಾಡುವವರು ಮೊದಲು ಬೆರಳು ಹಾಕುವುದೇ ಅಲ್ಲಿ. ಒದ್ದೆ ಕಂಡರೆ ವಾಪಸ್. ಹಳೆ ಟವೆಲ್‌ನಿಂದ ಸಂದು ಸಂದು ಒರೆಸಿ, ಬಿಸಿಲಿಗೆ ಹರವಿ, ಆಮೇಲೆ ಮಡಚಿ. ನಂಬರ್ ಹಲಗೆಯ ಹಿಂದಿನ ಫೋಮ್ ಕೂಡ ನೀರು ಕುಡಿದಿರುತ್ತದೆ, ಅದನ್ನೂ ಒಣಗಿಸಿ.

ಮಾರಿದರೆ, ಮನೆ ಬದಲಿಸಿದರೆ

ನಂಬರ್ ದೋಣಿಯದು, ನಿಮ್ಮದಲ್ಲ. ಮಾರಿದರೆ ಹಲಗೆಯನ್ನೂ ಜೊತೆಗೇ ಕೊಟ್ಟುಬಿಡಿ. ಮಾರಿದವರು 5 ದಿನದೊಳಗೆ ಡಿಎಂವಿಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರು ಬದಲಿಸಿಕೊಳ್ಳಬೇಕು. ವಿಳಾಸ ಬದಲಾದರೆ 15 ದಿನ. ಬೇರೆ ರಾಜ್ಯದ ನಂಬರ್ ಇರುವ ದೋಣಿ ತಂದಿದ್ದರೆ 120 ದಿನ ಇಲ್ಲಿ ಓಡಿಸಬಹುದು, ಆಮೇಲೆ ಇಲ್ಲಿಯ ನಂಬರ್. ಹಳೆ ದೋಣಿ ಕೊಳ್ಳುವಾಗ ಮಾಲೀಕತ್ವದ ಪತ್ರದಲ್ಲಿರುವ ಎಚ್‌ಐಎನ್ನೂ ದೋಣಿಯ ಮೇಲಿರುವುದೂ ಒಂದೇನಾ ಅಂತ ದುಡ್ಡು ಕೊಡುವ ಮುಂಚೆ ನೋಡಿ. ಗಾಳಿ ತುಂಬಿಸಿಯೇ ನೋಡಿ.

ತೀರ್ಥಹಳ್ಳಿ ಹುಡುಗ ಒಂದೂವರೆ ತಿಂಗಳು ಬಿಟ್ಟು ಫೋಟೋ ಕಳಿಸಿದ್ದ. ಎಲ್ಲ ಸರಿಯಾಗಿಯೇ ಮಾಡಿದ್ದ. ಬಿಳಿ ಹಲಗೆ, ಕಪ್ಪು ಅಕ್ಷರ, ಉರುಟು ಮೂಲೆ, ದೋಣಿಯೊಳಗೆ ಒಂದು ಒಳ್ಳೆಯ ಬ್ಯಾಸ್ ಮೀನು. ಬಲಪಕ್ಕದ ಸ್ಟಿಕ್ಕರ್ ಮಾತ್ರ ನಂಬರ್ ಮುಗಿದ ಮೇಲೆ, ಮೂತಿಯ ತುದಿಯಲ್ಲಿ ಅಂಟಿಸಿದ್ದ. ಮತ್ತೆ ಫೋನ್ ಮಾಡಿದೆ.